ಕೃತಕ ಎರೆಯೂ ನಿಜವಾದ ಹಿಂಸೆಯೂ

ಬೇಟೆಯನ್ನು ಸಪ್ತವ್ಯಸನಗಳಲ್ಲಿ ಒಂದೆಂದು ಎಣಿಸಿ ಬಿಟ್ಟ ಸಮಾಜದಲ್ಲಿ ಮೀನಿನ ಬೇಟೆಯ ಬಗೆಗೆ ಹೊಸದಾಗಿ ಬರೆಯಬೇಕಾದ ಅಗತ್ಯ ಬೀಳಬಾರದಿತ್ತು. ಆದರೆ ವ್ಯಸನಗಳಿಗೆ ಒಂದು ಗುಣವಿದೆ. ಹಳೆಯ ಹೆಸರಿಗೆ ಕಳಂಕ ಬಂದಾಗ ಅವು ಹೊಸ ಹೆಸರನ್ನು ಧರಿಸಿ ಮನೆಯೊಳಗೆ ಬರುತ್ತವೆ. ಬೇಟೆ ಎಂದರೆ ಕಿವಿ ಮುಚ್ಚಿಕೊಳ್ಳುವ ಮನೆಗಳಲ್ಲಿಯೇ ಇಂದು 'ಆಂಗ್ಲಿಂಗ್' ಎಂಬ ಮಾತು ನಿರುಪದ್ರವಿ ಹವ್ಯಾಸವೊಂದರ ಹೆಸರಾಗಿ ಕೇಳಿಬರುತ್ತಿದೆ. ರಜೆಯಲ್ಲಿ ನದೀತೀರದ ಶಿಬಿರಗಳಿಗೆ ಹೋಗುವ ತರುಣರೂ, ಅಮೆರಿಕದಂತಹ ದೇಶಗಳಲ್ಲಿ ಉದ್ಯೋಗದಲ್ಲಿದ್ದು ಸಹೋದ್ಯೋಗಿಗಳೊಡನೆ ಸರೋವರಗಳಿಗೆ ತೆರಳುವವರೂ ಇದನ್ನು ಸಮರ್ಥಿಸಿಕೊಳ್ಳುವ ಬಗೆ ಹೆಚ್ಚುಕಡಿಮೆ ಒಂದೇ. ಎರೆಹುಳುವನ್ನು ಗಾಳಕ್ಕೆ ಚುಚ್ಚುವುದಿಲ್ಲ, ಎರೆ ಕೃತಕವಾದದ್ದು. ಮೀನಿಗೆ ನಮ್ಮಂತೆ ನೋವಿಲ್ಲ. ಹಿಡಿದ ಮೀನನ್ನು ತಿನ್ನುವುದಿಲ್ಲ, ಮರಳಿ ನೀರಿಗೆ ಬಿಡುತ್ತೇವೆ. ಹೀಗಿರುವಾಗ ಹಿಂಸೆ ಎಲ್ಲಿದೆ? ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಜಾಣತನದ್ದು. ಆದುದರಿಂದಲೇ ಅದಕ್ಕೆ 'ಪಾಪ' ಎಂಬ ಒಂದೇ ಮಾತಿನ ಉತ್ತರ ಸಾಲದು. ಆ ಕೃತಕ ಎರೆ ಯಾವುದು, ಅದನ್ನು ಯಾವ ಲಕ್ಷಣಗಳನ್ನು ನೋಡಿ ಆರಿಸುತ್ತಾರೆ, ಅದು ನೀರಿನಡಿಯಲ್ಲಿ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ವಸ್ತುವಿನ ಸ್ವರೂಪ ತಿಳಿದ ಮೇಲೆ ಅದರ ಧರ್ಮಾಧರ್ಮಗಳ ನಿರ್ಣಯ ಕಷ್ಟವಾಗುವುದಿಲ್ಲ.

ಕೃತಕ ಎರೆಗಳಲ್ಲಿ 'ಕ್ರ್ಯಾಂಕ್‌ಬೇಟ್' ಎಂಬುದು ಬಹು ಪ್ರಸಿದ್ಧವಾದ ಜಾತಿ. ಹಗುರವಾದ ಬಾಲ್ಸಾ ಮರದಿಂದಲೋ ಟೊಳ್ಳು ಪ್ಲಾಸ್ಟಿಕ್ಕಿನಿಂದಲೋ ಮಾಡಿದ, ಅಂಗೈಯೊಳಗೆ ಹಿಡಿಸುವಷ್ಟು ಗಾತ್ರದ ಸುಳ್ಳು ಮೀನು ಅದು. ಕಣ್ಣು, ಹುರುಪೆ, ಬಣ್ಣ ಎಲ್ಲವನ್ನೂ ಬರೆದಿರುತ್ತಾರೆ. ಹೊಟ್ಟೆಯ ಕೆಳಗೊಂದು, ಬಾಲದ ಬಳಿಯೊಂದು, ಹೀಗೆ ಸಾಮಾನ್ಯವಾಗಿ ಎರಡು ಗಾಳಗಳು. ಒಂದೊಂದು ಗಾಳಕ್ಕೂ ಮೂರು ಮೂರು ಮೊನೆ. ಮುಖದ ಮುಂದೆ ಚಮಚದ ಎಲೆಯಂತೆ ಚಾಚಿದ ಪಾರದರ್ಶಕ ತುಟಿಯೊಂದು ಇರುತ್ತದೆ. ರೀಲನ್ನು ಸುತ್ತಿ ಎಳೆದಾಗ ಆ ತುಟಿ ನೀರನ್ನು ಇರಿದು ಎರೆಯನ್ನು ಕೆಳಕ್ಕೆ ದೂಡುತ್ತದೆ, ಹಾಗೂ ಮೈಯನ್ನು ಎಡಬಲಕ್ಕೆ ತುಯ್ದಾಡಿಸುತ್ತದೆ. ತುಟಿ ಗಿಡ್ಡವಾಗಿದ್ದು ಕೆಳಮುಖವಾಗಿದ್ದರೆ ಎರೆ ಮೇಲುನೀರಿನಲ್ಲೇ ಉಳಿಯುತ್ತದೆ. ತುಟಿ ಉದ್ದವೂ ಅಗಲವೂ ಆಗಿ ಮೈಯ ನೇರಕ್ಕೆ ಚಾಚಿದಷ್ಟೂ ಅದು ಆಳಕ್ಕಿಳಿಯುತ್ತದೆ. ಇಂತಹ ಆಳಮುಳುಗು ಎರೆಗಳಲ್ಲಿ ಇಪ್ಪತ್ತು, ಇಪ್ಪತ್ತೈದು ಅಡಿಗಳವರೆಗೆ ಹೋಗುವವೂ ಇವೆ. ದಾರ ತೆಳುವಾಗಿರಬೇಕು, ಏಕೆಂದರೆ ದಪ್ಪ ದಾರಕ್ಕೆ ನೀರಿನ ತಡೆ ಹೆಚ್ಚು. ಎಸೆತ ದೂರ ಹೋಗಬೇಕು, ಏಕೆಂದರೆ ಕೆಳಗಿಳಿಯಲು ಎರೆಗೆ ದಾರಿ ಬೇಕು. ಕದಡಿದ ನೀರಿಗೆ ಎದ್ದು ಕಾಣುವ ಹಳದಿ-ಹಸಿರು, ತಿಳಿನೀರಿಗೆ ಸಹಜ ಮೀನಿನ ಬಣ್ಣ. ಬೆಳಕು ಮಂದವಾದಲ್ಲಿ ಹೊಟ್ಟೆಯೊಳಗೆ ಗುಂಡುಗಳನ್ನಿಟ್ಟು ಗಿಲಕಿಯಂತೆ ಸದ್ದು ಮಾಡುವ ಎರೆ. ಇವು ಆಯ್ಕೆಯ ಸೂತ್ರಗಳು.

ಈ ಸೂತ್ರಗಳನ್ನು ಓದುವಾಗ ಒಂದು ಸಂಗತಿಯನ್ನು ಗಮನಿಸಬೇಕು. ಇವುಗಳಲ್ಲಿ ಒಂದೊಂದೂ ಮೀನಿನ ಯಾವುದೋ ಒಂದು ಇಂದ್ರಿಯವನ್ನು ಕುರಿತದ್ದು. ಬಣ್ಣ ಅದರ ಕಣ್ಣಿಗೆ, ಗಿಲಕಿ ಅದರ ಕಿವಿಗೆ. ತುಯ್ದಾಟದ ಕಂಪನ ಮೀನಿನ ಎರಡೂ ಪಕ್ಕೆಗಳುದ್ದಕ್ಕೂ ಇರುವ, ನೀರಿನ ಅತಿ ಸಣ್ಣ ಅಲುಗಾಟವನ್ನೂ ಗ್ರಹಿಸುವ ಪಾರ್ಶ್ವರೇಖೆ ಎಂಬ ಸೂಕ್ಷ್ಮ ಅಂಗಕ್ಕೆ. ಮೀನು ಕಾಣಬಲ್ಲದು, ಕೇಳಬಲ್ಲದು, ಸ್ಪರ್ಶವನ್ನರಿಯಬಲ್ಲದು ಎಂಬುದನ್ನು ಗಾಳಗಾರನಷ್ಟು ನಂಬಿದವರು ಬೇರಾರೂ ಇಲ್ಲ. ಜೈನಾಗಮವು ಜಲಚರವಾದ ಮೀನನ್ನು ಪಂಚೇಂದ್ರಿಯ ತಿರ್ಯಂಚವೆಂದು ಕರೆದದ್ದನ್ನು ಹಳೆಯ ಕಾಲದ ನಂಬಿಕೆಯೆಂದು ಪಕ್ಕಕ್ಕಿಡುವ ವ್ಯಕ್ತಿಯೇ, ಅಂಗಡಿಯಲ್ಲಿ ಎರೆಯನ್ನು ಆರಿಸುವಾಗ ಆ ಇಂದ್ರಿಯಗಳನ್ನು ಒಂದೊಂದಾಗಿ ಲೆಕ್ಕ ಹಾಕುತ್ತಾನೆ. ಆರಿಸುವಾಗ ಪೂರ್ಣಪ್ರಜ್ಞೆಯುಳ್ಳ ಜೀವವಾಗಿದ್ದ ಮೀನು, ಗಾಳ ಚುಚ್ಚಿದ ಕ್ಷಣದಲ್ಲಿ ಮಾತ್ರ ನೋವಿಲ್ಲದ ಜಡವಾಗಬೇಕೆಂಬುದು ಯಾವ ನ್ಯಾಯ?

ಇನ್ನು ಆಳಕ್ಕೇ ಏಕೆ ಹೋಗಬೇಕು ಎಂಬುದನ್ನು ನೋಡಬೇಕು. ಬೇಸಿಗೆಯಲ್ಲಿ ದೊಡ್ಡ ಸರೋವರಗಳ ನೀರು ಪದರ ಪದರವಾಗಿ ನಿಲ್ಲುತ್ತದೆ. ಮೇಲಿನದು ಬೆಚ್ಚಗಿನ ಪದರ, ಅಡಿಯದು ತಣ್ಣನೆಯದು. ನಡುವೆ ಉಷ್ಣತೆ ಥಟ್ಟನೆ ಇಳಿಯುವ ತೆಳುವಾದ ಪದರವೊಂದಿರುತ್ತದೆ. ಅದಕ್ಕೂ ಕೆಳಗೆ ಅನೇಕ ಸರೋವರಗಳಲ್ಲಿ ಮೀನಿಗೆ ಸಾಲುವಷ್ಟು ಪ್ರಾಣವಾಯು ಇರುವುದಿಲ್ಲ. ಹೀಗಾಗಿ ಮೇಲಿನ ಬಿಸಿಗೂ ಕೆಳಗಿನ ಉಸಿರುಗಟ್ಟುವ ನೀರಿಗೂ ಸಿಕ್ಕಿಕೊಳ್ಳದೆ, ಮುಳುಗಿದ ಮರದ ಬುಡಗಳ ಮತ್ತು ಬಂಡೆಗಳ ಆಸರೆಯಲ್ಲಿ ಮೀನುಗಳು ಸೇರಿಕೊಳ್ಳುತ್ತವೆ. ಅಮೆರಿಕದಲ್ಲಿ ಟೆನೆಸೀ ನದಿಗೆ ಕಟ್ಟಿದ ಅಣೆಕಟ್ಟು 1944ರಲ್ಲಿ ಪೂರ್ಣಗೊಂಡು ಉಂಟಾದ ಕೆಂಟಕಿ ಸರೋವರದಲ್ಲಿ, ಮುಳುಗಿದ ಹಳೆಯ ನದೀಪಾತ್ರದ ಅಂಚುಗಳಲ್ಲಿ ಬ್ಯಾಸ್ ಮೀನುಗಳು ಬೇಸಿಗೆಯಲ್ಲಿ ಹೀಗೆ ನಿಲ್ಲುತ್ತವೆಂಬುದು ಅಲ್ಲಿನ ಗಾಳಗಾರರಿಗೆಲ್ಲ ತಿಳಿದ ವಿಷಯ. ಆಳಮುಳುಗು ಎರೆ ಹುಟ್ಟಿದ್ದು ಈ ಆಶ್ರಯವನ್ನು ಮುಟ್ಟುವುದಕ್ಕಾಗಿ. ಎರೆ ಹೋಗಿ ಬುಡಕ್ಕೋ ಬಂಡೆಗೋ ಡಿಕ್ಕಿ ಹೊಡೆದು ಪಕ್ಕಕ್ಕೆ ಸಿಡಿಯಬೇಕು, ಆಗ ಗಾಯಗೊಂಡ ಮರಿಮೀನು ದಿಕ್ಕೆಟ್ಟು ಓಡುವಂತೆ ಕಾಣುತ್ತದೆ ಎಂಬುದು ಬಲ್ಲವರ ಉಪದೇಶ. ಹಳೆಯ ಕಾಲದ ಬೇಟೆಗಾರನು ನೀರು ಕುಡಿಯಲು ಬಂದ ಜಿಂಕೆಯನ್ನು ಕಾದು ಹೊಡೆದರೆ ಅದನ್ನು ಕ್ರೌರ್ಯವೆನ್ನುವ ನಾವು, ಬಿಸಿಲಿಗೆ ಹೆದರಿ ಆಳವನ್ನು ಶರಣುಹೊಕ್ಕ ಮೀನನ್ನು ಅಲ್ಲಿಯೇ ಹುಡುಕಿ ಹಿಡಿಯುವುದನ್ನು ಕ್ರೀಡೆಯೆಂದು ಕರೆಯುತ್ತಿದ್ದೇವೆ.

ಈ ಬಗೆಯ ಎರೆಗಳ ಚರಿತ್ರೆಯಲ್ಲಿ ಫಿನ್ಲೆಂಡಿನ ಲೌರಿ ರಪಾಲಾ ಎಂಬವನ ಹೆಸರು ದೊಡ್ಡದು. ಅವನು ಮೀನು ಹಿಡಿದೇ ಬದುಕುತ್ತಿದ್ದವನು. ದೊಡ್ಡ ಮೀನು ಸಣ್ಣಮೀನುಗಳ ಹಿಂಡಿನಲ್ಲಿ ನೆಟ್ಟಗೆ ಈಜುವವನ್ನು ಬಿಟ್ಟು, ಸ್ವಲ್ಪ ತೊಡರಿ ಓಲಾಡುವ ಒಂದರ ಮೇಲೆ ಎರಗುವುದನ್ನು ಅವನು ಕಂಡನು. 1936ರಲ್ಲಿ ಬೆಂಡನ್ನು ಕೆತ್ತಿ, ಚಾಕೊಲೇಟಿನ ಬೇಗಡೆಯನ್ನು ಹೊದಿಸಿ, ಛಾಯಾಚಿತ್ರದ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಬಳಿದು, ಆ ಓಲಾಟವನ್ನೇ ಅನುಕರಿಸುವ ಎರೆಯೊಂದನ್ನು ಮಾಡಿದನು. ಬಡವನೊಬ್ಬನು ಹೊಟ್ಟೆಪಾಡಿಗೆ ಮಾಡಿಕೊಂಡ ಸಾಧನ ಅದು. 1962ರಲ್ಲಿ ಅಮೆರಿಕದ 'ಲೈಫ್' ಪತ್ರಿಕೆ ಅದರ ಬಗೆಗೆ ಬರೆದ ಮೇಲೆ ಅದು ಜಗತ್ತಿನ ವಿನೋದದ ವಸ್ತುವಾಯಿತು. ಒಂದು ಜೀವಿಯ ನಿಶ್ಶಕ್ತತೆಯನ್ನು ನಟಿಸಿ ಇನ್ನೊಂದು ಜೀವಿಯನ್ನು ಕರೆಯುವುದು ಈ ವಿದ್ಯೆಯ ತಿರುಳು. ರಪಾಲಾನಿಗೆ ಹಸಿವಿನ ನೆಪವಾದರೂ ಇತ್ತು. ಹಸಿವಿಲ್ಲದವನಿಗೆ ಯಾವ ನೆಪವಿದೆ?

ಈಗ ಸಮರ್ಥಕರ ವಾದಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು, ಎರೆ ನಿರ್ಜೀವವಾದುದರಿಂದ ದೋಷವಿಲ್ಲ ಎಂಬುದು. ಎರೆಹುಳುವಿನ ಪ್ರಾಣ ಉಳಿಯಿತೆಂಬುದು ನಿಜ. ಆದರೆ ಒಂದು ಹಿಂಸೆ ತಪ್ಪಿದ ಮಾತ್ರಕ್ಕೆ ಇನ್ನೊಂದು ಹಿಂಸೆ ಶುದ್ಧವಾಗುವುದಿಲ್ಲ. ವಸ್ತು ಕೃತಕವಾದರೆ ಕರ್ಮವೂ ಕೃತಕವಾಗುತ್ತದೆಂಬ ಭ್ರಮೆಗೆ ಕನ್ನಡ ಸಾಹಿತ್ಯ ಎಂಟು ನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ. ಜನ್ನಕವಿಯ ಯಶೋಧರ ಚರಿತೆಯಲ್ಲಿ ಯಶೋಧರನು ಜೀವದ ಕೋಳಿಯನ್ನು ಬಲಿ ಕೊಡಲಿಲ್ಲ. ತಾಯಿಯ ಒತ್ತಾಯಕ್ಕೂ ತನ್ನ ಧರ್ಮಕ್ಕೂ ನಡುವೆ ರಾಜಿ ಮಾಡಿಕೊಂಡು ಹಿಟ್ಟಿನ ಕೋಳಿಯನ್ನು ಕಡಿದನು. ಕೊಲ್ಲುವೆನೆಂಬ ಸಂಕಲ್ಪವೊಂದೇ ಅಲ್ಲಿ ನಿಜವಾದದ್ದು. ಆ ಸಂಕಲ್ಪಮಾತ್ರದಿಂದ ತಾಯಿಮಕ್ಕಳಿಬ್ಬರೂ ತಿರ್ಯಂಚ ಜನ್ಮಗಳಲ್ಲಿ ತೊಳಲಬೇಕಾಯಿತು. ಆ ಜನ್ಮಗಳಲ್ಲಿ ಯಶೋಧರನಿಗೆ ಬಂದದ್ದರಲ್ಲಿ ಮೀನಿನ ಜನ್ಮವೂ ಒಂದು. ಹಿಟ್ಟಿನ ಕೋಳಿಯ ಕಥೆಯಲ್ಲಿ ಕತ್ತಿಯ ಕೆಳಗಿದ್ದ ದೇಹವಾದರೂ ಸುಳ್ಳು. ಮರದ ಮೀನಿನ ಕ್ರೀಡೆಯಲ್ಲಿ ಸುಳ್ಳಾಗಿರುವುದು ಆಮಿಷ ಮಾತ್ರ. ಗಾಳ ನಾಟುವ ಬಾಯಿ ನಿಜವಾದದ್ದು. ಹಾಗಿರುವಾಗ ಯಶೋಧರನಿಗೆ ಸಿಗದ ವಿನಾಯಿತಿ ಗಾಳಗಾರನಿಗೆ ಹೇಗೆ ಸಿಕ್ಕೀತು?

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹುಳುವನ್ನು ಚುಚ್ಚಿದ ಗಾಳದಲ್ಲಿ ಮೀನಿಗೆ ಕನಿಷ್ಠಪಕ್ಷ ಆಹಾರವಿದೆ. ಕೃತಕ ಎರೆಯಲ್ಲಿ ಅದೂ ಇಲ್ಲ. ಪೂರ್ಣ ವಂಚನೆ ಮಾತ್ರ ಇದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾಯೆಯನ್ನು, ಅಂದರೆ ಕಪಟವನ್ನು, ತಿರ್ಯಂಚಾಯುವಿನ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರಕಾರರು ಹೇಳಿದ್ದಾರೆ. ಮನುಷ್ಯನನ್ನು ವಂಚಿಸಿದರೆ ಮಾತ್ರ ಮಾಯೆ, ಮೂಕಪ್ರಾಣಿಯನ್ನು ವಂಚಿಸಿದರೆ ಅದು ಜಾಣ್ಮೆ ಎಂಬ ವಿಂಗಡಣೆ ಆಚಾರ್ಯರಲ್ಲಿ ಎಲ್ಲಿಯೂ ಇಲ್ಲ. ಅಂಗಡಿಯಲ್ಲಿ ಸುಳ್ಳು ತೂಕವಿಟ್ಟವನನ್ನು ಸಮಾಜದಿಂದ ದೂರವಿಡುವ ಶ್ರಾವಕರು, ಸುಳ್ಳು ಮೀನನ್ನು ಬಣ್ಣ ನೋಡಿ, ಆಳ ನೋಡಿ, ಸದ್ದು ನೋಡಿ ಆರಿಸುವವನ ಕೌಶಲವನ್ನು ಮೆಚ್ಚುವುದು ಸಲ್ಲದು.

ಎರಡನೆಯ ವಾದ, ಮೀನಿಗೆ ನೋವಿಲ್ಲ ಎಂಬುದು. ಇದನ್ನು ವಿಜ್ಞಾನದ ಹೆಸರಿನಲ್ಲಿ ಹೇಳುವುದುಂಟು. 2003ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೈನ್‌ಬೋ ಟ್ರೌಟ್ ಮೀನಿನ ಮುಖದಲ್ಲಿ ಗಾಯಕಾರಕ ಪ್ರಚೋದನೆಗಳಿಗೆ ಸ್ಪಂದಿಸುವ ನರಗ್ರಾಹಕಗಳಿವೆಯೆಂದು ಪ್ರಕಟಿಸಿದರು. ತುಟಿಗೆ ಜೇನುನೊಣದ ವಿಷವನ್ನೋ ಅಸೆಟಿಕ್ ಆಮ್ಲವನ್ನೋ ಚುಚ್ಚಿದಾಗ ಮೀನುಗಳ ಉಸಿರಾಟ ವೇಗವಾಯಿತು, ಅವು ಆಹಾರವನ್ನು ಬಹಳ ಹೊತ್ತು ಮುಟ್ಟಲಿಲ್ಲ. ಆಮ್ಲ ಚುಚ್ಚಿದವು ತುಟಿಯನ್ನು ತೊಟ್ಟಿಯ ತಳದ ಜಲ್ಲಿಕಲ್ಲಿಗೆ ಉಜ್ಜಿಕೊಂಡವು. ನೋವುನಿವಾರಕವಾದ ಮಾರ್ಫಿನ್ ಕೊಟ್ಟಾಗ ಆ ವರ್ತನೆ ತಗ್ಗಿತು. ಮನುಷ್ಯನಲ್ಲಿರುವಂತಹ ಮಿದುಳಿನ ಹೊರಪದರ ಮೀನಿಗಿಲ್ಲವಾದುದರಿಂದ ಅದು ನೋವಿನ ಅನುಭವವಲ್ಲ, ಬರಿಯ ಪ್ರತಿಕ್ರಿಯೆ ಎಂದು ಜೇಮ್ಸ್ ರೋಸ್, ಬ್ರಯಾನ್ ಕೀ ಮೊದಲಾದ ವಿಜ್ಞಾನಿಗಳು ವಾದಿಸಿದ್ದಾರೆ. ಚರ್ಚೆ ಇದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಚರ್ಚೆಯಿರುವಲ್ಲಿ ಧರ್ಮ ಯಾವ ಪಕ್ಷವನ್ನು ಹಿಡಿಯಬೇಕು? ಪೊದೆಯ ಹಿಂದೆ ಅಲುಗುತ್ತಿರುವುದು ಮನುಷ್ಯನೋ ಮೃಗವೋ ಎಂಬ ಸಂಶಯವಿದ್ದಾಗ ಬಾಣ ಬಿಡುವವನನ್ನು ಯಾವ ನ್ಯಾಯಾಲಯವೂ ಕ್ಷಮಿಸುವುದಿಲ್ಲ. ಅತಿ ಸಣ್ಣ ಜೀವಗಳ ವಿಷಯದಲ್ಲಿಯೂ ನೀರನ್ನು ಸೋಸಿ ಕುಡಿಯುವ, ರಾತ್ರಿಭೋಜನವನ್ನು ಬಿಡುವ ಸಮಾಜ, ಪಂಚೇಂದ್ರಿಯ ಜೀವದ ವಿಷಯದಲ್ಲಿ ಮಾತ್ರ ಸಂಶಯದ ಲಾಭವನ್ನು ಗಾಳಕ್ಕೆ ಕೊಡುವುದು ವಿಚಿತ್ರವಾಗಿದೆ. ಪ್ರಮತ್ತಯೋಗದಿಂದ, ಎಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಬಾಧೆ ಮಾಡುವುದೇ ಹಿಂಸೆ ಎಂಬುದು ಉಮಾಸ್ವಾಮಿಗಳ ನಿರೂಪಣೆಯ ತಾತ್ಪರ್ಯ. ಸಂಶಯವಿದ್ದೂ ವಿನೋದಕ್ಕಾಗಿ ಚುಚ್ಚುವುದಕ್ಕಿಂತ ದೊಡ್ಡ ಪ್ರಮಾದ ಯಾವುದಿದೆ?

ಮೂರನೆಯ ವಾದವೇ ಎಲ್ಲಕ್ಕಿಂತ ಬಲವಾದದ್ದು: ಹಿಡಿದು ಬಿಟ್ಟುಬಿಡುತ್ತೇವೆ, ಕೊಲ್ಲುವುದಿಲ್ಲ. ಈ ಪದ್ಧತಿಯ ಹುಟ್ಟನ್ನು ನೋಡಿದರೆ ಅದರ ಸ್ವರೂಪ ತಿಳಿಯುತ್ತದೆ. ಅಮೆರಿಕದ ಲೀ ವುಲ್ಫ್ ಎಂಬವನು 1939ರಲ್ಲಿ ಇದನ್ನು ಪ್ರತಿಪಾದಿಸಿದಾಗ ಅವನ ತರ್ಕ, ಬಿಟ್ಟ ಮೀನು ಮತ್ತೊಬ್ಬನಿಗೆ ಮತ್ತೊಮ್ಮೆ ಹಿಡಿಯಲು ದೊರೆಯುತ್ತದೆ ಎಂಬುದಾಗಿತ್ತು. ಅಲ್ಲಿನ ಬ್ಯಾಸ್ ಮೀನಿನ ದೊಡ್ಡ ಪಂದ್ಯಗಳಲ್ಲಿ 1972ರಿಂದೀಚೆಗೆ ಮೀನನ್ನು ಜೀವಂತವಾಗಿ ಬಿಡುವ ರೂಢಿ ಬೆಳೆಯಿತು. ಇಲ್ಲಿ ಬಿಡುಗಡೆ ಎಂಬುದು ದಯೆಯ ಫಲವಾಗಿರದೆ, ಮುಂದಿನ ಹಿಡಿತಕ್ಕೆ ಮಾಡಿದ ಉಳಿತಾಯವಾಗಿದೆ.

ಬಿಟ್ಟ ಮೀನೆಲ್ಲ ಬದುಕುತ್ತದೆಂಬುದೂ ಸತ್ಯವಲ್ಲ. ಹಿಡಿದು ಬಿಟ್ಟ ಮೀನುಗಳ ಸಾವಿನ ಪ್ರಮಾಣವನ್ನು ಅಳೆದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಸರಾಸರಿ ಪ್ರಮಾಣ ಶೇಕಡಾ 18 ಎಂದು ಕಂಡುಬಂದಿತು. ಜಾತಿ, ಆಳ, ಉಷ್ಣತೆ, ಗಾಳ ನಾಟಿದ ಸ್ಥಾನಗಳಿಗೆ ತಕ್ಕಂತೆ ಅದು ಅತಿ ಕಡಿಮೆಯೂ ಅತಿ ಹೆಚ್ಚೂ ಆಗುತ್ತದೆ. ಆಳದಿಂದ ಎಳೆದ ಮೀನಿನ ಪಾಡು ಬೇರೆಯೇ. ಇಪ್ಪತ್ತೈದು ಅಡಿಗಳ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಸುಮಾರು ಮುಕ್ಕಾಲು ಪಾಲು ಹೆಚ್ಚು. ಬ್ಯಾಸ್, ಪರ್ಚ್ ಮೊದಲಾದ ಮೀನುಗಳ ಗಾಳಿಚೀಲಕ್ಕೆ ಹೊರಗೆ ಬಾಯಿಲ್ಲ. ಅದರೊಳಗಿನ ಅನಿಲ ರಕ್ತದ ಮೂಲಕ ನಿಧಾನವಾಗಿಯೇ ಹೊರಹೋಗಬೇಕು. ಅಂತಹ ಮೀನನ್ನು ಒಮ್ಮೆಗೇ ಮೇಲಕ್ಕೆಳೆದಾಗ ಚೀಲ ಉಬ್ಬಿ ಒಳ ಅಂಗಗಳನ್ನು ಒತ್ತುತ್ತದೆ. ನೀರಿಗೆ ಬಿಟ್ಟರೂ ಕೆಳಕ್ಕಿಳಿಯಲಾರದೆ ಹೊಟ್ಟೆ ಮೇಲಾಗಿ ತೇಲುವುದುಂಟು. ಬೇಸಿಗೆಯ ಬಿಸಿಗೆ ಹೆದರಿ ಆಳಕ್ಕೆ ಹೋಗಿದ್ದ ಜೀವ, 'ಬಿಡುಗಡೆ'ಯಾದ ಮೇಲೆ ಅದೇ ಬಿಸಿನೀರಿನ ಮೇಲೆ ತೇಲಬೇಕಾಗುತ್ತದೆ. ಆರು ಮೊನೆಗಳ ಎರೆಯಾದುದರಿಂದ ಒಂದು ಗಾಳ ಬಾಯಿಯಲ್ಲಿರುವಾಗ ಇನ್ನೊಂದು ಕಣ್ಣಿಗೋ ಕಿವಿರಿಗೋ ತಗಲುವ ಭಯವೂ ಇದೆ. ಎರೆ ಬುಡಗಳ ನಡುವೆ ಓಡಬೇಕಾದುದರಿಂದ ಎಷ್ಟೋ ಸಲ ಸಿಕ್ಕಿಕೊಂಡು ಹರಿದು ಅಲ್ಲಿಯೇ ಉಳಿಯುತ್ತದೆ. ಯಾರೂ ಹಿಡಿಯದ ದಾರ, ಯಾರೂ ನೋಡದ ಗಾಳ, ನೀರಿನಡಿಯಲ್ಲಿ ತನ್ನ ಕೆಲಸವನ್ನು ತಾನೇ ಮುಂದುವರಿಸುತ್ತದೆ.

ಬದುಕಿ ಉಳಿದ ಮೀನಿನ ವಿಷಯವನ್ನೇ ತೆಗೆದುಕೊಂಡರೂ ವಾದ ನಿಲ್ಲುವುದಿಲ್ಲ. ಗೃಹಸ್ಥನ ಅಹಿಂಸಾಣುವ್ರತಕ್ಕೆ ಶಾಸ್ತ್ರಕಾರರು ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಚುಚ್ಚಿ ಕತ್ತರಿಸುವುದು, ಹೊರಲಾರದ ಭಾರ ಹೊರಿಸುವುದು, ಆಹಾರ ನೀರುಗಳನ್ನು ತಡೆಯುವುದು. ವಧವೆಂದರೆ ಇಲ್ಲಿ ಕೊಲೆಯಲ್ಲ, ಹೊಡೆತ. ಐದರಲ್ಲಿ ಒಂದಾದರೂ ಪ್ರಾಣ ತೆಗೆಯುವುದನ್ನು ಕುರಿತದ್ದಲ್ಲ ಎಂಬುದು ಗಮನಾರ್ಹ. 'ಕೊಲ್ಲಲಿಲ್ಲವಲ್ಲ' ಎಂಬ ಉತ್ತರವನ್ನು ಆಚಾರ್ಯರು ಮೊದಲೇ ಊಹಿಸಿ, ಕೊಲ್ಲದೆಯೂ ವ್ರತ ಕೆಡುತ್ತದೆಂದು ಎಣಿಸಿ ಇಟ್ಟಿದ್ದಾರೆ. ದಾರದಲ್ಲಿ ಸಿಕ್ಕಿ ದಣಿಯುವವರೆಗೆ ಹೋರಾಡುವುದು ಬಂಧ. ತುಟಿ ಹರಿಯುವುದು ಛೇದ. ಐದನೆಯದಕ್ಕೂ ಇಂದಿನ ವಿಜ್ಞಾನವೇ ಸಾಕ್ಷಿ ಹೇಳುತ್ತದೆ: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರನ್ನು ಹೀರಿ ಆಹಾರವನ್ನು ಒಳಗೆಳೆದುಕೊಳ್ಳುವ ಪರ್ಚ್ ಜಾತಿಯ ಮೀನೊಂದರ ಆ ಶಕ್ತಿ, ಗಾಳದಿಂದ ಬಾಯಲ್ಲಿ ರಂಧ್ರವಾದ ಮೇಲೆ ಕುಂದುತ್ತದೆಂದು ತೋರಿಸಿದ್ದಾರೆ. ಗಾಳ ತೆಗೆದು ಬಿಟ್ಟ ಮೀನು ಈಜಿಹೋಗುವುದನ್ನು ಕಂಡು ಸಂತೋಷಪಡುವವನಿಗೆ, ಅದರ ಬಾಯಿಯಿಂದ ಅನ್ನ ಜಾರಿಹೋಗುವುದು ಕಾಣಿಸುವುದಿಲ್ಲ. ಧರ್ಮದ ಮಾತು ಹಾಗಿರಲಿ, ಲೌಕಿಕ ಕಾನೂನೂ ಕೆಲವೆಡೆ ಇದನ್ನು ಅರಿತಿದೆ. ಮರಳಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡ್ ತನ್ನ 2008ರ ಪ್ರಾಣಿರಕ್ಷಣಾ ನಿಯಮಗಳಲ್ಲಿ ನಿಷೇಧಿಸಿತು. ತಿನ್ನುವುದಕ್ಕಾದರೆ ಒಂದು ಕಾರಣವುಂಟು, ಆಟಕ್ಕಾಗಿ ನೋಯಿಸುವುದಕ್ಕೆ ಯಾವ ಕಾರಣವೂ ಇಲ್ಲ ಎಂಬುದು ಅದರ ಹಿಂದಿನ ವಿವೇಕ.

ಇಲ್ಲಿ ಬಹುಶ್ರುತರಾದ ಕೆಲವರು ಮೃಗಸೇನನ ಕಥೆಯನ್ನು ಎತ್ತಬಹುದು. ಸೋಮದೇವಸೂರಿಗಳ ಯಶಸ್ತಿಲಕದಲ್ಲಿ ಬರುವ ಮೃಗಸೇನನು ಬೆಸ್ತನು. ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಡುವೆನೆಂದು ಮುನಿಗಳಲ್ಲಿ ವ್ರತ ಹಿಡಿದು, ಆ ಮೀನಿಗೆ ಗುರುತು ಕಟ್ಟಿ ಬಿಟ್ಟನು. ಅದೇ ಮೀನು ಐದು ಸಲ ಬಲೆಗೆ ಬಿದ್ದಾಗಲೂ ಬಿಟ್ಟು ಬರಿಗೈಯಲ್ಲಿ ಮನೆಗೆ ಹೋದನು. ಆ ಪುಣ್ಯದಿಂದ ಮುಂದಿನ ಜನ್ಮದಲ್ಲಿ ಐದು ಸಲ ಮರಣದಿಂದ ಪಾರಾದನು. ಹಾಗಾದರೆ ಹಿಡಿದು ಬಿಡುವುದು ಪುಣ್ಯವಲ್ಲವೇ? ಎಂದು ಕೇಳಬಹುದು. ಕಥೆಯನ್ನು ಸರಿಯಾಗಿ ಓದಿದವರಿಗೆ ಭೇದ ಸ್ಪಷ್ಟವಾಗಿದೆ. ಮೃಗಸೇನನು ಬಿಡುವುದಕ್ಕಾಗಿ ಹಿಡಿದವನಲ್ಲ. ಹಿಡಿಯುವುದೇ ಅವನ ಜೀವನೋಪಾಯವಾಗಿತ್ತು. ಬಿಟ್ಟಾಗ ಅವನಿಗೆ ಅಂದಿನ ಅನ್ನ ಹೋಯಿತು, ಹೆಂಡತಿ ಬಾಗಿಲು ಹಾಕಿದಳು, ಆ ರಾತ್ರಿಯೇ ಹಾವು ಕಚ್ಚಿ ಪ್ರಾಣವೂ ಹೋಯಿತು. ಅವನ ಬಿಡುಗಡೆಗೆ ಅವನೇ ಬೆಲೆ ತೆತ್ತನು. ಇಂದಿನ ಗಾಳಗಾರನ ಬಿಡುಗಡೆಗೆ ಬೆಲೆ ತೆರುವುದು ಮೀನು ಮಾತ್ರ. ಅವನಿಗೆ ವಿನೋದವೂ ಉಂಟು, ಛಾಯಾಚಿತ್ರವೂ ಉಂಟು, ಮೇಲೆ ದಯಾಳುವೆಂಬ ಹೆಸರೂ ಉಂಟು. ಮೃಗಸೇನನು ಹಿಂಸೆಯಿಂದ ಹೊರಬರುವ ದಾರಿಯಲ್ಲಿ ಮೊದಲ ಹೆಜ್ಜೆಯಿಟ್ಟವನು. ಹಿಂಸೆಯ ಅಗತ್ಯವೇ ಇಲ್ಲದ ಮನೆಯಲ್ಲಿ ಹುಟ್ಟಿ ಹಿಂಸೆಯೊಳಗೆ ಹೆಜ್ಜೆಯಿಡುವವನು ಅವನ ಹೆಸರನ್ನು ಹೇಳಿಕೊಳ್ಳುವುದು ಉಚಿತವಲ್ಲ.

ಗಾಳಗಾರರಿಂದಲೇ ಮೀನು ಉಳಿದಿದೆಯೆಂಬ ಇನ್ನೊಂದು ವಾದವನ್ನು ನಮ್ಮ ಕಾವೇರಿಯ ನಿದರ್ಶನದಿಂದ ಪರೀಕ್ಷಿಸಬಹುದು. ಈ ಕ್ರೀಡೆಗೂ ಕನ್ನಡನಾಡಿಗೂ ನಂಟು ಹಳೆಯದು. ಭಾರತದ ಗಾಳದ ಬೇಟೆಯ ಪ್ರಸಿದ್ಧ ಕೈಪಿಡಿಯಾದ ಹೆನ್ರಿ ಸಲಿವನ್ ಥಾಮಸನ ಗ್ರಂಥ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ 120 ಪೌಂಡು ತೂಕದ ಮಹಶೀರ್ ಮೀನಿನ ದಾಖಲೆಯನ್ನು ಗಾಳಗಾರರು ಇಂದಿಗೂ ಸ್ಮರಿಸುತ್ತಾರೆ. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳು ನಡೆದವು. ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನೂ ಕೃತಕ ಎರೆಗಳನ್ನೂ ಅಲ್ಲಿ ಬಳಸುತ್ತಿದ್ದರು. ಆ ಶಿಬಿರಗಳು ಸ್ಥಳೀಯರಿಗೆ ಕೆಲಸ ಕೊಟ್ಟು, ಸಿಡಿಮದ್ದು ಹಾಕಿ ಮೀನು ಕೊಲ್ಲುವವರನ್ನು ದೂರವಿಟ್ಟವೆಂಬುದೂ, ಅವುಗಳ ದಾಖಲೆಗಳಿಂದ ಸಂಶೋಧಕರಿಗೆ ನೆರವಾಯಿತೆಂಬುದೂ ನಿಜ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದೇ ದಾಖಲೆಗಳು ಹೇಳಿದ್ದೇನು? ಹೊರಗಿನ ಮರಿಕೇಂದ್ರಗಳಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚುತ್ತ ಹೋದಂತೆ, ಕಾವೇರಿಗೇ ಸೇರಿದ ಗೂನುಬೆನ್ನಿನ ಮಹಶೀರ್ ಕ್ಷೀಣಿಸಿತೆಂದು. 2018ರಲ್ಲಿ ಅದಕ್ಕೆ ಟಾರ್ ರೆಮದೇವಿ ಎಂಬ ವೈಜ್ಞಾನಿಕ ಹೆಸರು ನಿಶ್ಚಯವಾದಾಗ, ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಗಾಳಗಾರನ ಕಾವಲು ಆ ಮೀನನ್ನು ಉಳಿಸಲು ಸಾಲಲಿಲ್ಲ.

ಗಾಳವಿಲ್ಲದ ಕಾವಲು ಸಾಧ್ಯವೇ ಎಂದು ಕೇಳುವವರು ಶೃಂಗೇರಿಯ ತುಂಗೆಯ ಮೆಟ್ಟಿಲುಗಳನ್ನೂ, ಶಿಶಿಲದ ಕಪಿಲೆಯನ್ನೂ, ರಾಮನಾಥಪುರದ ಕಾವೇರಿಯ ಮಡುವನ್ನೂ ನೋಡಬೇಕು. ಅಲ್ಲಿ ಮೀನುಗಳು ಮನುಷ್ಯನ ನೆರಳಿಗೆ ಹೆದರಿ ಓಡುವುದಿಲ್ಲ. ಕೈಯಿಂದ ಬೀಳುವ ಪುರಿಯನ್ನೂ ಅಕ್ಕಿಯನ್ನೂ ತಿನ್ನಲು ಮೇಲಕ್ಕೆ ಬರುತ್ತವೆ. ಅವು ಜೈನರ ಕ್ಷೇತ್ರಗಳಲ್ಲ. ಆದರೆ ಅಲ್ಲಿ ಆಚರಣೆಯಲ್ಲಿರುವುದು ಅಭಯದಾನ. ಒಂದೇ ನಾಡಿನಲ್ಲಿ, ಒಂದೇ ಜಾತಿಯ ಮೀನು, ಒಂದು ಮಡುವಿನಲ್ಲಿ ಮನುಷ್ಯನ ಕೈಯನ್ನು ನಂಬುತ್ತದೆ, ಇನ್ನೊಂದು ಮಡುವಿನಲ್ಲಿ ಅದೇ ನಂಬಿಕೆಗೆ ತುಟಿಯನ್ನು ತೆರುತ್ತದೆ.

ತಾಳ್ಮೆಯನ್ನೂ ಏಕಾಗ್ರತೆಯನ್ನೂ ಕಲಿಸುವುದರಿಂದ ಗಾಳದ ಆಟ ಧ್ಯಾನದಂತಿದೆ ಎಂದು ಹೇಳುವವರೂ ಇದ್ದಾರೆ. ಏಕಾಗ್ರತೆ ತಾನಾಗಿ ಗುಣವಲ್ಲ. ಹಿಂಸೆಯಲ್ಲಿ ಆನಂದಪಡುವ ಚಿತ್ತದ ಏಕಾಗ್ರತೆಗೆ ಶಾಸ್ತ್ರದಲ್ಲಿ ರೌದ್ರಧ್ಯಾನವೆಂಬ ಹೆಸರಿದೆ. ಕೊಕ್ಕರೆಯೂ ಒಂಟಿಕಾಲಿನಲ್ಲಿ ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೆ ಹಸಿವೆಯಿದೆ, ಬೇರೆ ದಾರಿಯಿಲ್ಲ.

ಕಡಲತೀರದಲ್ಲೂ ನದೀತೀರದಲ್ಲೂ ಬಲೆಯನ್ನೇ ನಂಬಿ ಬದುಕುವವರನ್ನು ನಿಂದಿಸುವುದು ಈ ವಿಚಾರದ ಉದ್ದೇಶವಲ್ಲ. ಆ ಹಿಂಸೆ ಶ್ರಾವಕನಿಗೆ ವರ್ಜ್ಯವೇ ಹೌದು. ಆದರೆ ಅದರ ಹಿಂದೆ ಬಡತನವಿದೆ, ಕುಲಕ್ರಮವಿದೆ, ಮಕ್ಕಳ ಹೊಟ್ಟೆಯಿದೆ. ಶಾಸ್ತ್ರಕಾರರು ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನಿಗೆ ಮೊದಲ ಮೂರರ ಪೂರ್ಣತ್ಯಾಗ ಕಷ್ಟವೆಂದು ಒಪ್ಪಿ, ನಾಲ್ಕನೆಯದನ್ನು ಮಾತ್ರ ಸರ್ವಥಾ ಬಿಡಬೇಕೆಂದರು. ಅಡುಗೆಯಲ್ಲಿ, ಉಳುಮೆಯಲ್ಲಿ, ಆತ್ಮರಕ್ಷಣೆಯಲ್ಲಿ ಆಗುವುದನ್ನು ತೋರಿಸಿ 'ನೀವೂ ಹಿಂಸಕರೇ' ಎಂದು ಗಾಳಗಾರನು ವಾದಿಸಿದರೆ, ಆ ವಾದದ ಉತ್ತರ ಈ ವಿಂಗಡಣೆಯಲ್ಲಿಯೇ ಇದೆ. ಗಾಳದ ಆಟ ಅಡುಗೆಯಲ್ಲ, ಉದ್ಯೋಗವಲ್ಲ, ರಕ್ಷಣೆಯಲ್ಲ. ಅದು ಸಂಕಲ್ಪ ಮಾತ್ರ.

ಕೊನೆಯದಾಗಿ, ತಾವು ಗಾಳ ಹಿಡಿಯುವುದಿಲ್ಲ, ಮಾರುತ್ತೇವೆ ಮಾತ್ರ, ಕೊಡುಗೆಯಾಗಿ ಕೊಡುತ್ತೇವೆ ಮಾತ್ರ, ಯಾವುದು ಒಳ್ಳೆಯ ಎರೆಯೆಂದು ಹೇಳುತ್ತೇವೆ ಮಾತ್ರ ಎನ್ನುವವರಿಗೂ ಒಂದು ಮಾತು ಸಲ್ಲುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯೆಂದು ವಿವರಿಸುತ್ತಾರೆ. ಅವುಗಳಲ್ಲಿ ಪಾಪೋಪದೇಶವೊಂದು, ಹಿಂಸಾದಾನವೊಂದು. ಪ್ರಾಣಿಗಳಿಗೆ ಕ್ಲೇಶವಾಗುವ, ವಂಚನೆಗೆ ದಾರಿಯಾಗುವ ಮಾತುಕತೆ ಪಾಪೋಪದೇಶ. ಹಿಂಸೆಯ ಉಪಕರಣಗಳನ್ನು ಇತರರಿಗೆ ಕೊಡುವುದು ಹಿಂಸಾದಾನ. ಬೇಟೆಗಾರನಿಗೆ ಇಂಥ ಕಡೆ ಮೃಗಗಳಿವೆಯೆಂದು ತಿಳಿಸುವುದನ್ನೂ ಟೀಕಾಕಾರರು ಈ ದೋಷದಲ್ಲಿ ಸೇರಿಸಿದ್ದಾರೆ. ಇಂತಹ ಆಳಕ್ಕೆ ಇಂತಹ ತುಟಿ, ಇಂತಹ ನೀರಿಗೆ ಇಂತಹ ಬಣ್ಣ ಎಂದು ಬೋಧಿಸುವ ವಿದ್ಯೆಗೆ ಇದಕ್ಕಿಂತ ಸರಿಯಾದ ಹೆಸರು ಹುಡುಕಿದರೂ ಸಿಗಲಾರದು.

ಆದುದರಿಂದ ಶ್ರಾವಕರ ಕರ್ತವ್ಯ ಗಹನವಾದದ್ದೇನೂ ಅಲ್ಲ. ಸಹೋದ್ಯೋಗಿಗಳು ಕರೆದಾಗ ದೋಣಿಯಲ್ಲಿ ಕುಳಿತು ಬರಬಹುದು, ಕೋಲನ್ನು ಹಿಡಿಯಬೇಕಾಗಿಲ್ಲ. ಕಾರಣ ಕೇಳಿದರೆ ಸಂಕೋಚವಿಲ್ಲದೆ ಹೇಳಬಹುದು. ಅಂಗಡಿಯ ಕಪಾಟಿನಲ್ಲಿ ಆ ವಸ್ತುವಿಗೆ ಸ್ಥಳವಿಲ್ಲದಿದ್ದರೆ ವ್ಯಾಪಾರ ಮುಳುಗುವುದಿಲ್ಲ. ಮಕ್ಕಳಿಗೆ ರಜೆಯಲ್ಲಿ ಮೀನನ್ನು ತೋರಿಸಬೇಕೆನಿಸಿದರೆ ಶೃಂಗೇರಿಗೆ ಕರೆದೊಯ್ದು ಒಂದು ಹಿಡಿ ಪುರಿಯನ್ನು ಕೈಗೆ ಕೊಡಬೇಕು. ನೀರಿನೊಳಗಿನ ಜೀವ ತನ್ನ ಇಚ್ಛೆಯಿಂದ ಮೇಲೆ ಬಂದು, ತಿಂದು, ತನ್ನ ಇಚ್ಛೆಯಿಂದಲೇ ಆಳಕ್ಕೆ ಮರಳುವುದನ್ನು ಒಮ್ಮೆ ಕಂಡ ಮಗುವಿಗೆ ಗಾಳದ ಬಗೆಗೆ ಬೇರೆ ಉಪದೇಶ ಬೇಕಾಗುವುದಿಲ್ಲ.